ಚುಕ್ಕಿಯ ಎರಡು ಗಡಿಯಾರಗಳು

ಹೋದ ಎರಡು ಮೂರು ಸಂಚಿಕೆಗಳಲ್ಲಿ ನಾವು ಮಾತಾಡುವಾಗ ಹಿಂದೆ ಕುಂಯ್ ಕುಂಯ್ ಅನ್ನೋ ಶಬ್ದ ಬರ್ತಿತ್ತು, ಅದೇನು ಅಂತ ನಿಮ್ಮಲ್ಲಿ ಕೆಲವರು ಕೇಳಿದ್ರಿ. ಮೈಕ್ ಕೆಟ್ಟಿರಲಿಲ್ಲ. ಅದು ಚುಕ್ಕಿ. ಹಣೆಯ ಮೇಲೆ ಬಿಳಿ ಬೊಟ್ಟಿದ್ದ, ಹಿಂಗಾಲು ಎರಡೂ ಸ್ವಾಧೀನದಲ್ಲಿಲ್ಲದ ಒಂದು ಹೆಣ್ಣು ನಾಯಿಮರಿ. ದುಬೈನ ಮುಹೈಸ್ನಾದಲ್ಲಿರುವ ನಮ್ಮ ಫ್ಲ್ಯಾಟಿನಲ್ಲಿ ಎಂಟು ವಾರ ಇದ್ದಳು. ಈಗ ಮನೆ ನಿಶ್ಶಬ್ದ. ಆ ಎಂಟು ವಾರದಲ್ಲಿ ನಾವು ಕಲಿತ ವಿಜ್ಞಾನವೇ ಇವತ್ತಿನ ಸಂಚಿಕೆ.

ಊರಲ್ಲಿರುವ ಕೇಳುಗರಿಗೆ ಮೊದಲು ಜಾಗದ ಪರಿಚಯ. ಮುಹೈಸ್ನಾ ಅಂದ್ರೆ ದುಬೈನ ಪೂರ್ವದ ಅಂಚು, ಆ ಕಡೆ ಶಾರ್ಜಾ. ಮುಹೈಸ್ನಾ 2ನ್ನು ಜನ ಸೋನಾಪುರ ಅಂತ ಕರೀತಾರೆ, ಸಾವಿರಾರು ಕಾರ್ಮಿಕರ ವಸತಿ ಇರೋ ಜಾಗ. ನಾವಿರೋದು ಮುಹೈಸ್ನಾ 4ರಲ್ಲಿ, ಮದೀನಾ ಮಾಲ್ ಹತ್ತಿರ. ಮಕ್ಕಳ ಶಾಲೆ, ಮಸೀದಿ, ದಿನಸಿ ಅಂಗಡಿ, ತಲೆಮೇಲೆ ವಿಮಾನ. ಮೇ ಕೊನೆಯ ವಾರ ಇಲ್ಲೇ ಲಾರಿಗಳು ನಿಲ್ಲೋ ಒಂದು ಮರಳು ಬಯಲಿನ ಪಕ್ಕ ಈ ಮರಿ ಸಿಕ್ಕಿತ್ತು. ಯಾವುದೋ ಗಾಡಿ ತಾಗಿರಬೇಕು. ಪ್ರಾಣಿಗಳನ್ನು ರಕ್ಷಿಸುವ ಸ್ವಯಂಸೇವಕರು ಎತ್ತಿಕೊಂಡು ಹೋಗಿ ಚಿಕಿತ್ಸೆ ಕೊಡಿಸಿದರು. ಆಮೇಲೆ ಒಂದು ಫಾಸ್ಟರ್ ಮನೆ ಬೇಕು ಅಂತ ಹುಡುಕುತ್ತಿದ್ದರು.

ಫಾಸ್ಟರ್ ಅಂದ್ರೆ ದತ್ತು ಅಲ್ಲ. ಕಾಯಂ ಮನೆ ಸಿಗುವವರೆಗೆ ತಾತ್ಕಾಲಿಕ ಆಸರೆ. ದುಬೈನ ಕೆ ನೈನ್ ಫ್ರೆಂಡ್ಸ್ ಆಗಲಿ, 1991ರಲ್ಲಿ ಶುರುವಾದ ಬೆಂಗಳೂರಿನ ಕ್ಯೂಪಾ ಆಗಲಿ, ಇಂಥ ಎಲ್ಲ ಸಂಸ್ಥೆಗಳಿಗೂ ಜಾಗ ಸಾಲದು, ಕೈ ಸಾಲದು. ಅದರಲ್ಲೂ ಇಲ್ಲಿ ಜೂನ್ ಬಂತು ಅಂದ್ರೆ ಅರ್ಧ ಊರು ರಜೆಗೆ ಹೊರಟಿರುತ್ತೆ. ನಮ್ಮದೂ ಜುಲೈ ಮೊದಲ ವಾರಕ್ಕೆ ಮಂಗಳೂರಿಗೆ ಟಿಕೆಟ್ ಆಗಿತ್ತು. ಕಟ್ಟಡದ ಆಫೀಸಿನಲ್ಲಿ ಕೇಳಿದೆವು, ತಾತ್ಕಾಲಿಕ ಅಂತ ಬರೆದುಕೊಟ್ಟು ಅನುಮತಿ ತಗೊಂಡೆವು. ‘ಒಂದು ತಿಂಗಳು ತಾನೇ, ಮರಿ ಹೇಗೂ ಓಡಾಡಲ್ಲ, ಮೂಲೆಯಲ್ಲಿ ಮಲಗಿರುತ್ತೆ’ ಅಂತ ನಾವು ಅಂದುಕೊಂಡಿದ್ದೆವು.

ನಮ್ಮ ತಪ್ಪು ಇದ್ದದ್ದು ಆ ಮಾತಿನಲ್ಲೇ. ಯಾಕೆ ಅಂತ ಹೇಳ್ತೀವಿ.

ಮೊದಲ ದಿನ ವೈದ್ಯರು ಮರಿಯ ಬಾಯಿ ತೆರೆದು ನೋಡಿದರು. ನಾಯಿಗೆ ಹಾಲುಹಲ್ಲು 28. ಮೂರನೇ ವಾರದ ಸುಮಾರಿಗೆ ಮೂಡೋಕೆ ಶುರುವಾಗಿ ಎಂಟು ವಾರದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಬಂದಿರುತ್ತವೆ. ಹಲ್ಲು, ತೂಕ ನೋಡಿ ಏಳು ವಾರ ಇರಬಹುದು ಅಂದರು. ಎಕ್ಸ್-ರೇಯಲ್ಲಿ ಪಕ್ಕೆಲುಬು ಮುಗಿದು ಸೊಂಟ ಶುರುವಾಗುವ ಜಾಗದಲ್ಲಿ ಬೆನ್ನುಮೂಳೆಗೆ ಬಿರುಕು. ಪುಣ್ಯಕ್ಕೆ ಮೂಳೆ ಸ್ಥಾನ ತಪ್ಪಿರಲಿಲ್ಲ. ಒಳಗಿನ ಬೆನ್ನುಹುರಿಗೆ ಪೆಟ್ಟಾಗಿತ್ತು. ಆಪರೇಷನ್ ಬೇಡ, ನಾಲ್ಕು ವಾರ ಕಟ್ಟುನಿಟ್ಟಿನ ವಿಶ್ರಾಂತಿ ಅಂದರು. ತಿರುಗೋಕೆ, ಮಲಗೋಕೆ ಆಗುವಷ್ಟೇ ಜಾಗದ ಒಂದು ಕ್ರೇಟು. ಜಿಗಿತ ಇಲ್ಲ, ಆಟ ಇಲ್ಲ.

ಇದು ಮೊದಲ ಗಡಿಯಾರ. ಮೂಳೆ ಕೂಡೋ ಗಡಿಯಾರ. ಅದು ಕೇಳೋದು ಒಂದೇ: ಅಲ್ಲಾಡಬೇಡ.

ಎರಡನೇ ಗಡಿಯಾರದ ಬಗ್ಗೆ ಹೇಳೋಕೆ 1961ಕ್ಕೆ ಹೋಗಬೇಕು. ಅಮೆರಿಕದ ಮೇಯ್ನ್ ರಾಜ್ಯದ ಬಾರ್ ಹಾರ್ಬರ್‌ನಲ್ಲಿ ಜ್ಯಾಕ್ಸನ್ ಲ್ಯಾಬೊರೇಟರಿ ಅಂತ ಇದೆ. ಅಲ್ಲಿ ಫ್ರೀಡ್‌ಮನ್, ಕಿಂಗ್ ಮತ್ತು ಎಲಿಯಟ್ ಅನ್ನೋ ಮೂವರು ಒಂದು ಪ್ರಯೋಗ ಪ್ರಕಟಿಸಿದರು. ಎತ್ತರದ ಬೇಲಿ ಹಾಕಿದ ಬಯಲಿನಲ್ಲಿ, ಮನುಷ್ಯರ ಸಂಪರ್ಕವೇ ಇಲ್ಲದೆ ನಾಯಿಮರಿಗಳನ್ನು ತಾಯಿಯ ಜೊತೆ ಬೆಳೆಸಿದರು. ಕೆಲವು ಮರಿಗಳನ್ನು ಎರಡನೇ ವಾರದಲ್ಲಿ, ಕೆಲವನ್ನು ಮೂರನೆಯ, ಐದನೆಯ, ಏಳನೆಯ, ಒಂಬತ್ತನೆಯ ವಾರದಲ್ಲಿ ಹೊರಗೆ ತಂದು ಒಂದು ವಾರ ಮನುಷ್ಯರ ಜೊತೆ ಇಟ್ಟು ಮತ್ತೆ ಬಯಲಿಗೆ ಬಿಟ್ಟರು. ಕೆಲವನ್ನು ಮಾತ್ರ 14 ವಾರದ ತನಕ ಮುಟ್ಟಲೇ ಇಲ್ಲ. ಕೊನೆಗೆ ಎಲ್ಲವನ್ನೂ ಪರೀಕ್ಷಿಸಿದಾಗ, ಹಾಗೆ ಬಿಟ್ಟ ಮರಿಗಳು ಮನುಷ್ಯರನ್ನು ಕಂಡರೆ ಕಾಡುಪ್ರಾಣಿಗಳ ಹಾಗೆ ಹೆದರುತ್ತಿದ್ದವು. ಆಮೇಲೆ ಎಷ್ಟು ಪ್ರೀತಿಯಿಂದ ನೋಡಿಕೊಂಡರೂ ಆ ಹೆದರಿಕೆ ಸರಿಹೋಗಲಿಲ್ಲ. ಅದೇ ಲ್ಯಾಬಿನ ಸ್ಕಾಟ್ ಮತ್ತು ಫುಲ್ಲರ್ 1965ರಲ್ಲಿ ತಮ್ಮ ದೊಡ್ಡ ಪುಸ್ತಕದಲ್ಲಿ ಇದನ್ನು ವಿವರವಾಗಿ ಬರೆದರು.

ಅಂದ್ರೆ ಮರಿಯ ಮೆದುಳಲ್ಲಿ ಒಂದು ಕಿಟಕಿ ಇದೆ. ಮೂರನೇ ವಾರದ ಆಸುಪಾಸಿನಲ್ಲಿ ತೆರೆಯುತ್ತೆ, 12ರಿಂದ 14 ವಾರದ ಹೊತ್ತಿಗೆ ನಿಧಾನಕ್ಕೆ ಮುಚ್ಚಿಕೊಳ್ಳುತ್ತೆ. ಆ ಹೊತ್ತಿನಲ್ಲಿ ಕಂಡದ್ದು, ಕೇಳಿದ್ದು, ಮೂಸಿದ್ದು ‘ಇದು ಲೋಕದಲ್ಲಿ ಇರುವಂಥದ್ದೇ’ ಅಂತ ಮನಸ್ಸಿಗೆ ಹೋಗುತ್ತೆ. ಆಮೇಲೆ ಕಂಡದ್ದಕ್ಕೆ ಮೊದಲು ಭಯ. ಬಾಗಿಲು ಧಡಾರ್ ಅಂತ ಹಾಕಿಕೊಳ್ಳೋದಿಲ್ಲ ನಿಜ, ಮುಂದೆಯೂ ಕಲಿಯಬಹುದು. ಆದರೆ ಅಷ್ಟು ಸುಲಭಕ್ಕಲ್ಲ.

ಈಗ ಲೆಕ್ಕ ಹಾಕಿ. ಚುಕ್ಕಿಗೆ ಏಳು ವಾರ. ನಾಲ್ಕು ವಾರ ಕ್ರೇಟಿನಲ್ಲಿ ಸುಮ್ಮನೆ ಇಟ್ಟರೆ ಹೊರಗೆ ಬರುವಾಗ ಹನ್ನೊಂದು. ಕಿಟಕಿ ಮುಕ್ಕಾಲು ಮುಚ್ಚಿರುತ್ತೆ. ಒಂದು ಗಡಿಯಾರ ‘ಅಲ್ಲಾಡಬೇಡ’ ಅನ್ನುತ್ತೆ, ಇನ್ನೊಂದು ‘ಬೇಗ ಲೋಕ ನೋಡು’ ಅನ್ನುತ್ತೆ. ಕಾಲು ಸರಿಯಾಗಲಿ, ಆಮೇಲೆ ಎಲ್ಲಾ ಕಲಿಸೋಣ ಅಂತ ಕಾದರೆ, ನಡೆಯೋಕೆ ಬರುವ ಆದರೆ ಎಲ್ಲದಕ್ಕೂ ಹೆದರುವ ಒಂದು ನಾಯಿ ಸಿಗುತ್ತೆ. ಕಾಲು ಎಳೆಯೋ ನಾಯಿಗೆ ಮನೆ ಹುಡುಕಬಹುದು. ಹೆದರಿ ಕಚ್ಚೋ ನಾಯಿಗೆ ಮನೆ ಹುಡುಕೋದು ಅದಕ್ಕಿಂತ ಕಷ್ಟ. ಹಾಗಾಗಿ ಮೂಲೆಯಲ್ಲಿ ಮಲಗಿಸೋದಲ್ಲ, ಎರಡೂ ಗಡಿಯಾರವನ್ನು ಒಟ್ಟಿಗೆ ನೋಡಿಕೊಳ್ಳೋದೇ ನಮ್ಮ ಕೆಲಸವಾಗಿತ್ತು.

ಮೊದಲು ಶರೀರದ ಕಥೆ ಮುಗಿಸೋಣ. ಮೂರನೇ ದಿನ ಮಕ್ಕಳು ಕೂಗಿಕೊಂಡು ಬಂದರು: ‘ಪಾದ ಮುಟ್ಟಿದ್ರೆ ಕಾಲು ಎಳ್ಕೊಳ್ತಾಳೆ! ಸರಿಯಾಗ್ತಿದೆ!’ ನಾವೂ ಮುಟ್ಟಿ ನೋಡಿದೆವು. ಹೌದು, ಹಿಂಗಾಲು ಪಟ್ಟನೆ ಒಳಗೆ ಹೋಯಿತು. ವಿಡಿಯೋ ಮಾಡಿ ಊರಿಗೆ ಕಳಿಸಿದೆವು. ಪುತ್ತೂರಿನಿಂದ ಅಜ್ಜಿ ‘ದೇವರು ದೊಡ್ಡವನು’ ಅಂದರು.

ವೈದ್ಯರು ವಿಡಿಯೋ ನೋಡಿ ನಗಲಿಲ್ಲ. ‘ಕಾಲು ನೋಡಬೇಡಿ, ಮುಖ ನೋಡಿ’ ಅಂದರು.

ಇದರ ಹಿಂದಿನ ವಿಜ್ಞಾನ ಹಳೆಯದು. ಚಾರ್ಲ್ಸ್ ಶೆರಿಂಗ್ಟನ್ ಅನ್ನೋ ಇಂಗ್ಲೆಂಡಿನ ಶರೀರವಿಜ್ಞಾನಿ ನೂರು ವರ್ಷಕ್ಕೂ ಹಿಂದೆ ತೋರಿಸಿದ್ದು. ಬೆನ್ನುಹುರಿಗೂ ಮೆದುಳಿಗೂ ಸಂಪರ್ಕ ಕಡಿದುಹೋದ ನಾಯಿಯ ಮೈ ಕೆರೆದರೂ ಹಿಂಗಾಲು ಕೆರೆಯುವ ಚಲನೆ ಮಾಡುತ್ತೆ. ಪಾದಕ್ಕೆ ಚುಚ್ಚಿದರೆ ಕಾಲು ಹಿಂದೆ ಹೋಗುತ್ತೆ. ಸುದ್ದಿ ಪಾದದಿಂದ ಬೆನ್ನುಹುರಿಗೆ ಬಂತು, ಅಲ್ಲಿಂದಲೇ ‘ಎಳೆದುಕೋ’ ಅನ್ನೋ ಆಜ್ಞೆ ವಾಪಸ್ ಹೋಯಿತು. ತಲೆಗೆ ವಿಷಯವೇ ಗೊತ್ತಿಲ್ಲ. ತಾಲ್ಲೂಕು ಕಚೇರಿಯಲ್ಲೇ ಫೈಲು ಮುಗಿದುಹೋಗಿ ವಿಧಾನಸೌಧಕ್ಕೆ ಹೋಗದೇ ಇದ್ದ ಹಾಗೆ. ಇದೇ ಪ್ರತಿವರ್ತನೆ. ನರಕೋಶಗಳ ಕೆಲಸದ ಬಗೆಗಿನ ಸಂಶೋಧನೆಗೆ ಶೆರಿಂಗ್ಟನ್ ಅವರಿಗೆ 1932ರಲ್ಲಿ, ಎಡ್ಗರ್ ಏಡ್ರಿಯನ್ ಜೊತೆಗೆ, ನೊಬೆಲ್ ಬಂತು.

ಹಾಗಾಗಿ ಕಾಲು ಎಳೆದುಕೊಂಡಿತು ಅಂದ ಮಾತ್ರಕ್ಕೆ ನೋವು ಗೊತ್ತಾಯಿತು ಅಂತ ಅರ್ಥವಲ್ಲ. ಗೊತ್ತಾಗಬೇಕಾದರೆ ಸುದ್ದಿ ಪೆಟ್ಟಾದ ಜಾಗ ದಾಟಿ ಮೆದುಳಿಗೆ ತಲುಪಬೇಕು. ತಲುಪಿದರೆ ನಾಯಿ ತಿರುಗಿ ನೋಡುತ್ತೆ, ಕೂಗುತ್ತೆ, ಕಚ್ಚೋಕೆ ಬರುತ್ತೆ. ವೈದ್ಯರು ಚುಕ್ಕಿಯ ಬೆರಳಿನ ಮೂಳೆಯನ್ನು ಚಿಮಟದಲ್ಲಿ ಗಟ್ಟಿಯಾಗಿ ಒತ್ತಿದರು. ಕಾಲು ಹಿಂದೆ ಹೋಯಿತು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಚುಕ್ಕಿ ಕತ್ತು ತಿರುಗಿಸಿ ಆ ಕೈ ನೋಡಿ ಕುಂಯ್ ಅಂದಳು. ನಮ್ಮ ಮಗಳು ಅಳೋಕೆ ಶುರು ಮಾಡಿದಳು, ‘ನೋವು ಮಾಡ್ಬೇಡಿ’ ಅಂತ. ವೈದ್ಯರು ಮಾತ್ರ ಆ ದಿನ ಮೊದಲ ಸಲ ನಕ್ಕರು. ಆ ಕುಂಯ್ ಶಬ್ದವೇ ಅವತ್ತಿನ ಒಳ್ಳೆಯ ಸುದ್ದಿ. ಬೆನ್ನುಹುರಿಗೆ ಪೆಟ್ಟಾದ ನಾಯಿಗಳಲ್ಲಿ ಈ ಆಳದ ನೋವಿನ ಅರಿವು ಉಳಿದಿದ್ದರೆ ಮತ್ತೆ ನಡೆಯುವ ಸಾಧ್ಯತೆ ಚೆನ್ನಾಗಿರುತ್ತೆ. ಅಪಘಾತದಲ್ಲಿ ಅದೂ ಹೋಗಿದ್ದರೆ ಬಹಳ ಕಡಿಮೆ. ಒಂದು ಮಾತು: ಈ ಪರೀಕ್ಷೆ ಮನೆಯಲ್ಲಿ ಮಾಡುವಂಥದ್ದಲ್ಲ. ನಾವು ಮತ್ತೆ ಯಾವತ್ತೂ ಆ ಪಾದ ಹಿಸುಕಿ ನೋಡಲಿಲ್ಲ.

ಇನ್ನೊಂದು ಕಡೆಯೂ ನಾವು ಏಮಾರಿದ್ದೆವು. ಚುಕ್ಕಿಯ ಹಾಸಿಗೆ ಆಗಾಗ ಒದ್ದೆಯಾಗುತ್ತಿತ್ತು. ‘ಮೂತ್ರ ಹೋಗ್ತಿದೆಯಲ್ಲ, ಸಮಸ್ಯೆ ಇಲ್ಲ’ ಅಂದುಕೊಂಡಿದ್ದೆವು. ನಿಜಕ್ಕೂ ಆಗುತ್ತಿದ್ದದ್ದು ಬೇರೆ. ಬೆನ್ನುಹುರಿಗೆ ಆ ಮಟ್ಟದಲ್ಲಿ ಪೆಟ್ಟಾದಾಗ ಮೂತ್ರಕೋಶದ ಬಾಯಿಯ ಸ್ನಾಯು ಬಿಗಿದುಕೊಂಡೇ ಇರುತ್ತೆ. ಕೋಶ ತುಂಬಿ, ಇನ್ನು ಹಿಡಿಸದೇ ಹೋದಾಗ ಸ್ವಲ್ಪ ಸ್ವಲ್ಪ ಸೋರುತ್ತೆ. ತುಂಬಿದ ಕೊಡ ತುಳುಕಿದ ಹಾಗೆ. ತುಳುಕಿದ್ದನ್ನು ಖಾಲಿಯಾಯಿತು ಅಂತ ತಿಳಿದರೆ ಒಳಗೆ ಉಳಿದದ್ದರಲ್ಲಿ ಸೋಂಕು ಬೆಳೆಯುತ್ತೆ, ಹಿಗ್ಗಿ ಹಿಗ್ಗಿ ಕೋಶದ ಸ್ನಾಯುವೂ ಸೋಲುತ್ತೆ. ಹೊಟ್ಟೆಯ ಎರಡೂ ಬದಿಯಿಂದ ಹದವಾಗಿ ಒತ್ತಿ ಖಾಲಿ ಮಾಡಿಸೋದನ್ನು ವೈದ್ಯರು ನಮ್ಮ ಕೈ ಹಿಡಿದು ಕಲಿಸಿದರು. ದಿನಕ್ಕೆ ನಾಲ್ಕು ಸಲ: ಬೆಳಗ್ಗೆ ಐದಕ್ಕೆ, ಆಫೀಸಿಗೆ ಹೋಗೋ ಮುಂಚೆ, ಸಂಜೆ ಬಂದ ಕೂಡಲೇ, ರಾತ್ರಿ ಮಲಗೋ ಮೊದಲು. ಮಧ್ಯಾಹ್ನ ದೂರ ಅನ್ನಿಸಿದ ದಿನ ನಮ್ಮಲ್ಲಿ ಒಬ್ಬರು ಊಟದ ಹೊತ್ತಿಗೆ ಮನೆಗೆ ಬಂದು ಹೋಗುತ್ತಿದ್ದೆವು. ಬಲ ಹೆಚ್ಚಾದರೆ ಒಳಗೆ ಗಾಯವಾಗುತ್ತೆ, ಹಾಗಾಗಿ ಇದನ್ನು ವಿಡಿಯೋ ನೋಡಿ ಕಲಿಯಬೇಡಿ. ಪ್ರತಿ ಸಲ ಚರ್ಮ ತೊಳೆದು ಒರೆಸಬೇಕು, ಇಲ್ಲದಿದ್ದರೆ ಮೂತ್ರದಿಂದಲೇ ಚರ್ಮ ಸುಟ್ಟ ಹಾಗಾಗುತ್ತೆ. ಮೂರನೇ ವಾರದ ಒಂದು ಬೆಳಗ್ಗೆ ಒತ್ತೋಕೆ ಹೋದರೆ ಕೋಶ ಖಾಲಿ, ಪ್ಯಾಡ್ ಒದ್ದೆ. ಚುಕ್ಕಿ ತಾನೇ ಮುಗಿಸಿದ್ದಳು. ಒದ್ದೆ ಪ್ಯಾಡಿಗೆ ಮನೆಮಂದಿಯೆಲ್ಲ ಚಪ್ಪಾಳೆ ತಟ್ಟಿದ್ದು ಅದೇ ಮೊದಲು.

ಈಗ ಎರಡನೇ ಗಡಿಯಾರ. ಮರಿಯನ್ನು ಲೋಕಕ್ಕೆ ಕರಕೊಂಡು ಹೋಗೋಕೆ ಆಗದಿದ್ದರೆ ಲೋಕವನ್ನೇ ಮರಿಯ ಹತ್ತಿರ ತರಬೇಕು. ಕ್ರೇಟನ್ನು ಮಲಗುವ ಕೋಣೆಯಿಂದ ಹಾಲ್‌ಗೆ ತಂದೆವು. ಕುಕ್ಕರ್ ವಿಸಿಲ್, ಮಿಕ್ಸಿ, ವ್ಯಾಕ್ಯೂಮ್ ಕ್ಲೀನರ್, ಮಸೀದಿಯ ಆಜಾನ್, ತಲೆಮೇಲೆ ಹೋಗೋ ವಿಮಾನ, ಎಲ್ಲವೂ ಅವಳ ಪಾಠ. ಹೊಸ ಶಬ್ದ ಮೊದಲು ದೂರದಲ್ಲಿ, ಸಣ್ಣಗೆ. ಜೊತೆಗೆ ಒಂದು ಚೂರು ಬೇಯಿಸಿದ ಕೋಳಿ. ಕಿವಿ ಹಿಂದಕ್ಕೆ ಹೋಯಿತು, ತಿನ್ನೋದು ನಿಲ್ಲಿಸಿದಳು ಅಂದ್ರೆ ನಾವು ಆತುರ ಮಾಡಿದ್ದೀವಿ ಅಂತ ಲೆಕ್ಕ. ಕ್ರೇಟಿನ ಒಂದು ಮೂಲೆಯಲ್ಲಿ ದಿನಕ್ಕೊಂದು ಬಗೆಯ ಹಾಸು: ಯೋಗ ಮ್ಯಾಟ್, ಗೋಣಿ, ಹುಲ್ಲುಹಾಸಿನ ತುಂಡು. ಬಂದವರೆಲ್ಲ ಪರೀಕ್ಷಾ ಸಾಮಗ್ರಿ. ಹೆಲ್ಮೆಟ್ ಹಾಕಿದ ಡೆಲಿವರಿ ಹುಡುಗ, ಅಬಾಯಾ ತೊಟ್ಟ ಮಹಿಳೆ, ಕಂದೂರಾ ತೊಟ್ಟ ಹಿರಿಯರು, ಶಾಲೆ ಬ್ಯಾಗಿನ ಮಕ್ಕಳು. ನಾಯಿ ಮೈಗೆ ತಾಗೋದು ಬೇಡ ಅನ್ನೋ ನೆರೆಯವರಿದ್ದರು, ಅದು ಅವರ ಹಕ್ಕು. ಲಿಫ್ಟಿನಲ್ಲಿ ಯಾವಾಗಲೂ ಮುಚ್ಚಿದ ಬುಟ್ಟಿಯಲ್ಲೇ ಒಯ್ಯುತ್ತಿದ್ದೆವು, ಯಾರಾದರೂ ಒಳಗಿದ್ದರೆ ಮುಂದಿನ ಲಿಫ್ಟಿಗೆ ಕಾಯುತ್ತಿದ್ದೆವು. ದೂರದಿಂದ ಅವರನ್ನು ನೋಡಿದ್ದೂ ಚುಕ್ಕಿಗೆ ಪಾಠವೇ.

‘ಬುಟ್ಟಿ ಯಾಕೆ, ನೆಲಕ್ಕೆ ಬಿಡಬಹುದಲ್ಲ?’ ಅಂತ ವಾಚ್‌ಮನ್ ಕೇಳಿದ್ದ. ಎರಡು ಕಾರಣ. ಒಂದು ಲಸಿಕೆ. ತಾಯಿಹಾಲಿನಿಂದ ಬಂದ ಪ್ರತಿಕಾಯಗಳು ಮರಿಯನ್ನು ಕೆಲವು ವಾರ ಕಾಯುತ್ತವೆ, ಆದರೆ ಅವೇ ಲಸಿಕೆಯ ಕೆಲಸಕ್ಕೂ ಅಡ್ಡ ಬರುತ್ತವೆ. ಅವು ಯಾವ ವಾರ ಇಳಿಯುತ್ತವೆ ಅಂತ ಪ್ರತಿ ಮರಿಗೂ ಹೇಳೋಕೆ ಆಗಲ್ಲ. ಅದಕ್ಕೇ ಪಾರ್ವೊ, ಡಿಸ್ಟೆಂಪರ್ ಲಸಿಕೆಯನ್ನು ಆರೆಂಟು ವಾರದಿಂದ 16 ವಾರದವರೆಗೆ ಬಿಟ್ಟು ಬಿಟ್ಟು ಕೊಡೋದು. ಮುಗಿಯೋ ತನಕ ಬೀದಿಯ ನೆಲ ಅಪಾಯ. ಎರಡನೆಯದು ಬಿಸಿ. ಜೂನ್ ಸಂಜೆ ಆರಕ್ಕೂ ಇಲ್ಲಿನ ಕಾಲುದಾರಿ ಕಾದಿರುತ್ತೆ. ಅಂಗೈ ಹಿಂಭಾಗವನ್ನು ಏಳು ಸೆಕೆಂಡ್ ಇಡೋಕೆ ಆಗದಿದ್ದರೆ ಪಾದವನ್ನೂ ಇಡಬಾರದು. ಹೊಟ್ಟೆ ಎಳೆದುಕೊಂಡು ಹೋಗೋ ಮರಿಗಂತೂ ಇಡೀ ಮೈಯೇ ಪಾದ. ಜೊತೆಗೆ ನಾಯಿ ನಮ್ಮ ಹಾಗೆ ಮೈತುಂಬ ಬೆವರೋದಿಲ್ಲ, ನಾಲಿಗೆ ಚಾಚಿ ಏದುಸಿರು ಬಿಟ್ಟು ನೀರು ಆವಿಯಾಗಿಸಿ ತಣ್ಣಗಾಗುತ್ತೆ. ದುಬೈನ ಬೇಸಿಗೆಯ ರಾತ್ರಿಗಳಲ್ಲಿ ಗಾಳಿಯಲ್ಲೇ ತೇವ ತುಂಬಿರುತ್ತೆ, ಆವಿಯಾಗೋದು ಕಷ್ಟ. ಹಾಗಾಗಿ ದಿನಕ್ಕೆ ಹತ್ತು ನಿಮಿಷ, ಬೆಳಗಿನ ಜಾವ, ಕೆಳಗಿನ ಬೆಂಚಿನ ಮೇಲೆ ಬುಟ್ಟಿ. ಅಷ್ಟೇ. ಅದರಲ್ಲೇ ಲಾರಿ, ಶಾಲೆ ಬಸ್, ಬೆಕ್ಕು, ಕಸದ ಗಾಡಿ ಎಲ್ಲ ನೋಡಿದಳು.

ನಾಲ್ಕು ವಾರ ಮುಗಿದು ಮತ್ತೆ ಎಕ್ಸ್-ರೇ. ಮೂಳೆ ಕೂಡಿತ್ತು. ಅಲ್ಲಿಂದ ನಡಿಗೆಯ ಪಾಠ. ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಎತ್ತಿ ಹಿಡಿದು, ಹಿಂಗಾಲು ನೆಲಕ್ಕೆ ತಾಗುವ ಹಾಗೆ ನಿಲ್ಲಿಸೋದು. ಫ್ಲ್ಯಾಟಿನ ಟೈಲ್ಸ್ ಜಾರುತ್ತೆ, ಹಾಗಾಗಿ ಮನೆ ತುಂಬ ರಬ್ಬರ್ ಮ್ಯಾಟ್. 1911ರಲ್ಲಿ ಥಾಮಸ್ ಗ್ರಹಾಂ ಬ್ರೌನ್ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಹೆಜ್ಜೆಯ ಲಯ, ಅಂದ್ರೆ ಒಂದು ಮುಂದೆ ಒಂದು ಹಿಂದೆ ಅನ್ನೋ ತಾಳ, ಬೆನ್ನುಹುರಿಯೊಳಗೇ ಹುಟ್ಟಬಲ್ಲದು ಅಂತ ತೋರಿಸಿದ್ದರು. ಮೆದುಳು ಹೇಳೋದು ಹೊರಡು, ನಿಲ್ಲು, ತಿರುಗು ಅಂತ. ತಾಳ ಹಾಕೋದು ಹುರಿ. ಪಾದ ನೆಲ ಮುಟ್ಟಿದ ಸುದ್ದಿ ಆ ತಾಳವನ್ನು ಎಬ್ಬಿಸುತ್ತೆ. ಅದಕ್ಕೇ ಗಾಳಿಯಲ್ಲಿ ಕಾಲಾಡಿಸೋದಕ್ಕಿಂತ ನೆಲ ಮುಟ್ಟಿಸಿ ನಿಲ್ಲಿಸೋದಕ್ಕೆ ಬೆಲೆ. ಐದು ನಿಮಿಷ, ದಿನಕ್ಕೆ ಮೂರು ಸಲ.

ಗಾಲಿ ಬಂಡಿ ಕೊಳ್ಳಬೇಕಾ ಅಂತ ಕೇಳಿದೆವು. ನಿಂತ ನಾಯಿಯ ತೂಕದ ಸುಮಾರು 60 ಪಾಲು ಮುಂಗಾಲಿನ ಮೇಲೆ, 40 ಪಾಲು ಹಿಂಗಾಲಿನ ಮೇಲೆ ಇರುತ್ತೆ. ತಲೆ, ಕುತ್ತಿಗೆ ಮುಂದೆ ಇರೋದರಿಂದ. ಹಾಗಾಗಿ ಹಿಂಗಾಲು ಇಲ್ಲದ ನಾಯಿ ಬಂಡಿಯಲ್ಲಿ ಆರಾಮಾಗಿ ಬದುಕಬಹುದು, ಅದು ಸೋಲಲ್ಲ. ಆದರೆ ಬೆಳೆಯೋ ಮರಿಯ ಅಳತೆ ವಾರಕ್ಕೊಂದು, ನಡೆಯುವ ಲಕ್ಷಣ ಇರುವಾಗ ಕಾಯೋಣ ಅಂದರು.

ಅಷ್ಟರಲ್ಲಿ ಜುಲೈ ಬಂತು. ಚುಕ್ಕಿಗೆ ಹನ್ನೆರಡು ವಾರ. ಬೇರೆ ಫಾಸ್ಟರ್ ಮನೆ ಸಿಗಲಿಲ್ಲ. ಎಲ್ಲರೂ ಊರಿಗೆ. ವಾಪಸ್ ಕೊಟ್ಟರೆ ಅವಳು ಬೋರ್ಡಿಂಗ್‌ನ ಒಂದು ಗೂಡಿನಲ್ಲಿ, ಕಿಟಕಿಯ ಕೊನೆಯ ಎರಡು ವಾರ. ರಾತ್ರಿ ಹನ್ನೊಂದರ ತನಕ ಮಾತಾಡಿದೆವು. ಜಗಳವೂ ಆಯಿತು. ‘ನಾಯಿಗೋಸ್ಕರ ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ ಬಿಡೋದಾ?’ ಕೊನೆಗೆ ಒಬ್ಬರು ಮಕ್ಕಳ ಜೊತೆ ಹೋದೆವು, ಇನ್ನೊಬ್ಬರು ಟಿಕೆಟ್ ಮೂರು ವಾರ ಮುಂದೆ ಹಾಕಿ ಇಲ್ಲೇ ಉಳಿದೆವು. ಹುಟ್ಟುಹಬ್ಬವನ್ನು ಫೋನಿನಲ್ಲೇ ನೋಡಿದ್ದಾಯಿತು. ಅಜ್ಜಿ ಕೇಕ್ ಕತ್ತರಿಸಿ ಕೇಳಿದ್ದು ‘ಆ ಪಾಪದ್ದು ನಡೀತಾ?’ ಅಂತ.

ನಡೆದಳು, ಅಜ್ಜೀ. ಕುಡುಕರ ಹಾಗೆ ತೂರಾಡಿಕೊಂಡು. ಎಡ ಹಿಂಗಾಲಿನ ಪಾದ ಈಗಲೂ ಮಡಚಿ ಮೇಲ್ಭಾಗ ನೆಲಕ್ಕೆ ಉಜ್ಜುತ್ತೆ. ಪಾದ ಎಲ್ಲಿದೆ ಅನ್ನೋ ಅರಿವು, ಕಣ್ಣು ಮುಚ್ಚಿದರೂ ನಮ್ಮ ಕೈ ಎಲ್ಲಿದೆ ಅಂತ ನಮಗೆ ಗೊತ್ತಾಗುತ್ತಲ್ಲ, ಅದು ಆ ಕಾಲಿಗೆ ಪೂರ್ತಿ ವಾಪಸ್ ಬಂದಿಲ್ಲ. ಬರದೇ ಇರಬಹುದು. ಅದಕ್ಕೊಂದು ಸಣ್ಣ ಬೂಟು ಹಾಕ್ತೀವಿ. ಆದರೆ ಬಾಗಿಲ ಬೆಲ್ ಆದರೆ ಮೊದಲು ಓಡೋದು ಅವಳೇ. ಬಂದವರು ಯಾರು ಅಂತ ನೋಡೋ ಆಸೆ.

ಜುಲೈ ಕೊನೆಯಲ್ಲಿ ಶಾರ್ಜಾದ ಒಂದು ನೆಲಮಹಡಿ ಮನೆಯವರು ನೋಡೋಕೆ ಬಂದರು. ಅವರು ಕಾಲಿನ ಬಗ್ಗೆ ಕೇಳಿದ್ದು ಎರಡೇ ಪ್ರಶ್ನೆ. ಚುಕ್ಕಿ ತೂರಾಡಿಕೊಂಡು ಹೋಗಿ ಅವರ ಹುಡುಗನ ಮಡಿಲಲ್ಲಿ ಕೂತಳು, ಅವನ ಶೂ ಲೇಸ್ ಬಿಚ್ಚಿದಳು. ಮಾತು ಅಲ್ಲಿಗೆ ಮುಗಿಯಿತು. ಮೈಕ್ರೋಚಿಪ್, 12 ವಾರದ ನಂತರ ಹಾಕಿದ ರೇಬಿಸ್ ಲಸಿಕೆ, ನೋಂದಣಿ, ಇವೆಲ್ಲ ಅವರ ಹೆಸರಿಗೆ ಆಗಬೇಕು. ಎಮಿರೇಟ್ಸ್‌ನ 2016ರ 22ನೇ ಸಂಖ್ಯೆಯ ಫೆಡರಲ್ ಕಾನೂನಿನ ಪ್ರಕಾರ ನಾಯಿಗೆ ಲೈಸೆನ್ಸ್, ಹೊರಗೆ ಹೋದಾಗ ಕೊರಳಿಗೆ ಪಟ್ಟಿ ಹಗ್ಗ ಕಡ್ಡಾಯ. ನಾವು ಒಂದು ಹಾಳೆಯಲ್ಲಿ ಎಲ್ಲ ಬರೆದು ಕೊಟ್ಟೆವು: ಯಾವ ಶಬ್ದಕ್ಕೆ ಇನ್ನೂ ಹೆದರುತ್ತಾಳೆ, ಮೂತ್ರದ ವಾಸನೆ ಬದಲಾದರೆ ಯಾಕೆ ಕೂಡಲೇ ವೈದ್ಯರ ಹತ್ತಿರ ಹೋಗಬೇಕು, ಬೂಟಿನ ಅಳತೆ ಎಷ್ಟು.

ನಿಮಗೂ ಇಂಥದ್ದೊಂದು ಮರಿಗೆ ಆಸರೆ ಕೊಡಿ ಅಂತ ಕರೆ ಬಂದರೆ, ಒಪ್ಪುವ ಮೊದಲು ಮೂರು ಪ್ರಶ್ನೆ ಕೇಳಿ. ವೈದ್ಯರ ಖರ್ಚು ಯಾರದ್ದು? ಮೂತ್ರ ತಾನೇ ಮಾಡುತ್ತಾ, ಮಾಡಿಸಬೇಕಾ? ಮರಿಗೆ ಈಗ ಎಷ್ಟು ವಾರ? ಮೂರನೇ ಪ್ರಶ್ನೆ ಯಾರಿಗೂ ಹೊಳೆಯೋದಿಲ್ಲ, ನಮಗೂ ಹೊಳೆದಿರಲಿಲ್ಲ. ಉತ್ತರ 14ಕ್ಕಿಂತ ಕಡಿಮೆ ಇದ್ದರೆ, ನಿಮ್ಮ ಕುಕ್ಕರ್ ವಿಸಿಲ್ಲಿಗೂ ಔಷಧಿಯಷ್ಟೇ ಬೆಲೆ ಇದೆ.

ಇಷ್ಟು ಇವತ್ತಿಗೆ. ನಿಮ್ಮ ಮನೆಯಲ್ಲಿ ಇಂಥ ಅತಿಥಿ ಇದ್ದು ಹೋಗಿದ್ದರೆ ನಮಗೆ ಬರೆದು ಕಳಿಸಿ. ಮುಂದಿನ ಸಂಚಿಕೆಯಲ್ಲಿ ಹಿನ್ನೆಲೆ ಶಬ್ದ ಇರೋದಿಲ್ಲ. ಸದ್ಯಕ್ಕಂತೂ.